ಗೋವಾ ಹಿಡಿದವರು ಕಲಬುರಗಿವರೆಗೆ ಬರಲಿಲ್ಲ, ಮೆಕ್ಸಿಕೊ ಮಾತ್ರ ಹೇಗೆ ಬಿತ್ತು?

ಸೇಡಂ ಮಾಸ್ತರ್ ಕೇಳಿದ್ದಾರೆ

ಎಲ್ಲರಿಗೂ ನಮಸ್ಕಾರ. ಸೇಡಂ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈಗ ಭೌಗೋಳಿಕ ಅನ್ವೇಷಣೆಗಳ ಪಾಠ ನಡೆಯುತ್ತಿದೆ. ಕೊಲಂಬಸ್ 1492ರಲ್ಲಿ ಅಮೆರಿಕದ ದ್ವೀಪ ಮುಟ್ಟಿದ, ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ, ಸ್ಪೇನಿನ ಕೊರ್ಟೆಸ್ ಮೆಕ್ಸಿಕೊ ಗೆದ್ದ, ಸ್ಪೇನಿನವನೇ ಆದ ಪಿಜಾರೊ ಪೆರು ಗೆದ್ದ. ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗುವುದು ರೂಢಿ.

ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. "ಸರ್, ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಅಲ್ಲಿಂದ ಬಿಜಾಪುರ, ಕಲಬುರಗಿ ಬಹಳ ದೂರ ಏನಲ್ಲ. ನೂರಾರು ವರ್ಷ ಅಲ್ಲೇ ಇದ್ದರೂ ಈ ಕಡೆ ಬರಲಿಲ್ಲ. ಮೆಕ್ಸಿಕೊದಲ್ಲಿ ಮಾತ್ರ ಐನೂರು ಮಂದಿ ಬಂದು ಎರಡೇ ವರ್ಷದಲ್ಲಿ ರಾಜ್ಯಾನೇ ಹಿಡಿದರು. ಅಲ್ಲಿನ ಮಂದಿ ಅಷ್ಟು ಅಂಜುಬುರುಕರಾ?"

ಹಿಂದಿನ ಬೆಂಚಿನವರು ನಕ್ಕರು. "ದಡ್ಡರಿರಬೇಕು" ಅಂತ ಒಬ್ಬ ಅಂದ. ನನಗೆ ಅದು ಮನಸ್ಸಿಗೆ ಚುಚ್ಚಿತು. ಇಡೀ ಒಂದು ಖಂಡದ ಮಂದಿಯ ಬಗ್ಗೆ ನಮ್ಮ ಮಕ್ಕಳು ಈ ಎರಡು ಮಾತು ಕಲಿತು ಮನೆಗೆ ಹೋಗಬಾರದು. ಬಂದೂಕು ಇತ್ತು, ಕುದುರೆ ಇತ್ತು ಅಂತ ಹೇಳಬಹುದು. ಆದರೆ ಗೋವಾದಲ್ಲಿ ಪೋರ್ಚುಗೀಸರ ಹತ್ತಿರವೂ ಅವೇ ಇದ್ದವು ಅಲ್ವಾ? ಆ ಹುಡುಗಿ ಬಿಡುವವಳಲ್ಲ, ಅದನ್ನೇ ಕೇಳುತ್ತಾಳೆ.

ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಹದಿನಾಲ್ಕು ವರ್ಷದ ಮಕ್ಕಳಿಗೆ ಹೇಳುವ ಹಾಗಿರಲಿ.

ವಾಡಿ ಜಂಕ್ಷನ್

ಸರ್, ಮುಖ್ಯ ಕಾರಣ ಆಯುಧವೇ. ಮೆಕ್ಸಿಕೊದವರಿಗೆ ಕಬ್ಬಿಣ ಗೊತ್ತಿರಲಿಲ್ಲ. ಕಟ್ಟಿಗೆಗೆ ಗಾಜಿನಂಥ ಕಪ್ಪು ಕಲ್ಲಿನ ಚೂರು ಕೂಡಿಸಿ ಕತ್ತಿ ಮಾಡುತ್ತಿದ್ದರು. ಅದು ಮಾಂಸ ಕತ್ತರಿಸುತ್ತದೆ, ಉಕ್ಕಿನ ಕವಚದ ಮುಂದೆ ಒಡೆದು ಹೋಗುತ್ತದೆ. ಇನ್ನೊಂದು, ಕೊರ್ಟೆಸ್‌ನನ್ನು ಅವರು ವಾಪಸ್ ಬಂದ ತಮ್ಮ ದೇವರು ಅಂತ ತಿಳಿದು ಕೈಕಟ್ಟಿ ನಿಂತರು. ನಾನು ಓದಿದ್ದು ಇಷ್ಟು.

ಕೋಟೆ ಹಿಂದಿನ ಓಣಿ

ಮಾಸ್ತರ್, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಕಲಬುರಗಿಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಡಿಗ್ರಿ ಓದುವ ಹುಡುಗರೂ ಗೋವಾ ಮತ್ತು ಮೆಕ್ಸಿಕೊವನ್ನು ಹೀಗೆ ಒಟ್ಟಿಗೆ ಇಟ್ಟು ಕೇಳಿದ್ದು ನನಗೆ ನೆನಪಿಲ್ಲ. ಉತ್ತರ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಅಂಜುಬುರುಕರು ಎಂಬ ಮಾತು. ಆಗ ಮೆಕ್ಸಿಕೊ ಆಳುತ್ತಿದ್ದ ಅಜ್ಟೆಕ್ ಜನರ ರಾಜಧಾನಿ ಟೆನೊಚ್ಟಿಟ್ಲಾನ್ ಕೆರೆಯ ನಡುವೆ ಇತ್ತು. ದಂಡೆಯಿಂದ ಊರಿಗೆ ಕಲ್ಲುಮಣ್ಣಿನ ಉದ್ದನೆಯ ದಾರಿಗಳು, ನಡುನಡುವೆ ಎತ್ತಿಡುವ ಸೇತುವೆಗಳು. ಸುಮಾರು 2 ಲಕ್ಷ ಮಂದಿ ಇದ್ದರೆಂದು ಅಂದಾಜು. ಕೊರ್ಟೆಸ್ 1519ರ ನವೆಂಬರ್ 8ರಂದು ಅತಿಥಿಯಾಗಿ ಒಳಗೆ ಹೋದ. ರಾಜ ಮೊಕ್ಟೆಜುಮಾನನ್ನು ಅವನ ಊರಲ್ಲೇ ಸೆರೆ ಇಟ್ಟ. ಊರವರು ತಿರುಗಿ ಬಿದ್ದರು. 1520ರ ಜೂನ್ 30ರ ರಾತ್ರಿ ಸ್ಪೇನಿನವರನ್ನು ಹೊಡೆದು ಹೊರಗೆ ಹಾಕಿದರು. ಆ ದಾರಿಗಳ ಮೇಲೆ ಅವತ್ತು ನೂರಾರು ಸ್ಪೇನಿಗರು ಸತ್ತರು. ದೋಚಿದ ಬಂಗಾರ ಸೊಂಟಕ್ಕೆ ಕಟ್ಟಿಕೊಂಡವರು ಈಜಲಾಗದೆ ನೀರಲ್ಲಿ ಮುಳುಗಿದರು. ಇದು ಅಂಜುವವರು ಮಾಡುವ ಕೆಲಸವಾ?

ಮುಂದಿನ ವರ್ಷ ಕೊರ್ಟೆಸ್ ವಾಪಸ್ ಬಂದು ಮುತ್ತಿಗೆ ಹಾಕಿದ. ಕುಡಿಯುವ ನೀರಿನ ಕಾಲುವೆ ಕಡಿದ. ಮೇ ಕೊನೆಯಿಂದ ಆಗಸ್ಟ್ 13ರವರೆಗೆ, ಉಪವಾಸದಲ್ಲಿ, ಒಂದೊಂದು ಮನೆಗೂ ಜಗಳ ಆಡಿ ಆ ಊರು ಬಿತ್ತು. ಶರಣಾಗಲು ಹೇಳಿ ಕಳಿಸಿದಾಗಲೆಲ್ಲ ಒಪ್ಪಲಿಲ್ಲ. ಇದನ್ನು ನಿಮ್ಮ ಹಿಂದಿನ ಬೆಂಚಿನವರಿಗೆ ತಪ್ಪದೆ ಹೇಳಿ.

ವಾಡಿಯವರೇ, ದೇವರೆಂದು ನಂಬಿದರು ಎಂಬ ಕಥೆಯನ್ನು ದಯವಿಟ್ಟು ಪಾಠದಿಂದ ಹೊರಗಿಡೋಣ. ಅದು ಬರಹದಲ್ಲಿ ಕಾಣಿಸಿಕೊಳ್ಳುವುದು ಯುದ್ಧ ಮುಗಿದು ದಶಕಗಳಾದ ಮೇಲೆ, ಗೆದ್ದವರ ಕಡೆಯವರು ಬರೆದದ್ದರಲ್ಲಿ. ಸೋತವರನ್ನು ಪೆದ್ದರು ಮಾಡುವ ಕಥೆ ಗೆದ್ದವರಿಗೆ ಬಹಳ ಅನುಕೂಲ.

ಇನ್ನು ಆ ಐನೂರು. ಕೊರ್ಟೆಸ್ ಜೊತೆ 11 ಹಡಗುಗಳಲ್ಲಿ ಇಳಿದವರು ಅಷ್ಟೇ ಸೈನಿಕರು, 16 ಕುದುರೆ, ಕೆಲವು ತೋಪು. ಲೆಕ್ಕ ಅಲ್ಲಿಗೇ ನಿಲ್ಲಿಸುವುದು ತಪ್ಪು. ಆ ರಾಜಧಾನಿಯ ಪೂರ್ವಕ್ಕೆ ತ್ಲಾಸ್ಕಲಾ ಎಂಬ ಸಣ್ಣ ರಾಜ್ಯ ಇತ್ತು. ಸುತ್ತ ನಾಲ್ಕೂ ಕಡೆ ಅಜ್ಟೆಕ್‌ರ ಹಿಡಿತ. ವ್ಯಾಪಾರದ ದಾರಿ ಮುಚ್ಚಿದ್ದರಿಂದ ಆ ಮಂದಿಗೆ ಹತ್ತಿ ಸಿಗುತ್ತಿರಲಿಲ್ಲ, ಉಪ್ಪು ಸಿಗುತ್ತಿರಲಿಲ್ಲ. ಎಷ್ಟೋ ವರ್ಷ ಉಪ್ಪಿಲ್ಲದೆ ಉಂಡವರು ಅವರು. ಹೊಸಬರು ಬಂದಾಗ ತ್ಲಾಸ್ಕಲಾದವರು ಮೊದಲು ಅವರ ಮೇಲೆ ಯುದ್ಧ ಮಾಡಿದರು, ಸೋಲಿಸುವುದು ಕಷ್ಟ ಅಂತ ಕಂಡ ಮೇಲೆ ಜೊತೆಗೂಡಿದರು. ಅದು ದಡ್ಡತನ ಅಂತ ನಾನು ಒಪ್ಪುವುದಿಲ್ಲ. ಪಕ್ಕದ ಮನೆಯ ಹಗೆ ಮುಗಿಸಲು ದೂರದವನ ಕೋಲು ಸಿಕ್ಕಿತು, ಹಿಡಿದರು.

ಮುತ್ತಿಗೆಯ ಹೊತ್ತಿಗೆ ಸ್ಪೇನಿನವರು ಸಾವಿರದ ಆಸುಪಾಸು. ಅವರ ಸುತ್ತ ನಿಂತಿದ್ದ ಸ್ಥಳೀಯ ಸೈನಿಕರು ಹತ್ತಾರು ಸಾವಿರ. ಕೆರೆಯಲ್ಲಿ ಕಾದಾಡಲು 13 ಸಣ್ಣ ಹಡಗು ಬೇಕಾಗಿದ್ದವು. ಅವುಗಳ ಮರ ಕಡಿದು ಕೆತ್ತಿದ್ದು ತ್ಲಾಸ್ಕಲಾದಲ್ಲಿ. ಬಿಡಿಬಿಡಿ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಗುಡ್ಡ ದಾಟಿಸಿದ್ದು ತ್ಲಾಸ್ಕಲಾದ ಸಾವಿರಾರು ಮಂದಿ. ಅಡಿಗೆ ಅವರದು, ದಾರಿ ತೋರಿಸುವುದು ಅವರದು, ಮುಂದಿನ ಸಾಲಿನಲ್ಲಿ ಸಾಯುವುದೂ ಜಾಸ್ತಿ ಅವರದೇ. ಕೆಲವು ದಶಕ ಕಳೆದ ಮೇಲೆ ಅವರು ಒಂದು ದೊಡ್ಡ ಬಟ್ಟೆಯ ಮೇಲೆ ಇಡೀ ಯುದ್ಧದ ಚಿತ್ರ ಬರೆಸಿದರು. ಚಿತ್ರದಿಂದ ಚಿತ್ರಕ್ಕೆ ಸ್ಪೇನಿನವರ ಪಕ್ಕದಲ್ಲಿ ತ್ಲಾಸ್ಕಲಾದವರು ನಿಂತಿದ್ದಾರೆ. ನಾವು ಗೆಲ್ಲಿಸಿಕೊಟ್ಟೆವು, ನಮ್ಮ ಹಕ್ಕು ಕೊಡಿ ಎಂಬ ಅಹವಾಲು ಅದು.

ಅಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಳು, ಮಾಲಿಂಟ್ಸಿನ್. ದಂಡೆಯ ಊರಿನವರು ಕೊರ್ಟೆಸ್‌ಗೆ ಕೊಟ್ಟ 20 ಹೆಂಗಸರಲ್ಲಿ ಒಬ್ಬಳು. ಆಕೆಗೆ ಅಜ್ಟೆಕ್‌ರ ನಾವಾಟಲ್ ಮಾತು, ಮಾಯಾ ಮಾತು ಎರಡೂ ಬರುತ್ತಿದ್ದವು. ಹಡಗು ಒಡೆದು ಅಲ್ಲೇ ಉಳಿದಿದ್ದ ಅಗಿಲಾರ್ ಎಂಬ ಸ್ಪೇನಿನವನಿಗೆ ಮಾಯಾ ಬರುತ್ತಿತ್ತು. ಹೀಗೆ ಮೂರು ಬಾಯಿ ದಾಟಿ ಮಾತು ನಡೆಯಿತು. ಆಮೇಲೆ ಆಕೆಯೇ ಸ್ಪ್ಯಾನಿಷ್ ಕಲಿತಳು. ಯಾವ ಊರಿಗೆ ಯಾವ ಊರಿನ ಮೇಲೆ ಸಿಟ್ಟಿದೆ ಅಂತ ಕೊರ್ಟೆಸ್‌ಗೆ ಗೊತ್ತಾದದ್ದು ಆಕೆಯಿಂದ.

ಈಗ ನಮ್ಮ ಕಡೆಗೆ ಬನ್ನಿ. ಇಲ್ಲೂ ಒಡಕಿಗೆ ಕೊರತೆ ಇರಲಿಲ್ಲ. ಬಹಮನಿ ರಾಜ್ಯ ಚೂರಾಗಿತ್ತು. ಕಲಬುರಗಿ ಸೀಮೆಯನ್ನು ಬಿಜಾಪುರದ ಆದಿಲ್ ಶಾಹಿಗಳು, ಬೀದರಿನ ಬರೀದರು ಎಳೆದಾಡುತ್ತಿದ್ದರು. ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್‌ಗೆ ಗೋವಾ ಮೇಲೆ ಬೀಳು ಅಂತ ಹೇಳಿಕೊಟ್ಟವನು ವಿಜಯನಗರದ ಕಡೆಯ ತಿಮ್ಮಯ್ಯ, ಪೋರ್ಚುಗೀಸರು ತಿಮೋಜ ಅಂತ ಬರೆಯುವವನು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕಿನವರು ಇದ್ದರು. ಅದೇ ವರ್ಷ ಕೊರ್ಟೆಸ್ ಪಾಡು ಏನಾಗಿತ್ತು ಅಂತ ಮೇಲೆ ಹೇಳಿದೆ. ನೋಡಿ, ಇಲ್ಲಿಯೂ ಯುರೋಪಿನ ಜನ, ಅವೇ ಬಂದೂಕು, ಇಲ್ಲಿಯೂ ಹಗೆ. ಆದರೆ ರಾಯಚೂರಿನಲ್ಲಿ ಅವರು ಇನ್ನೊಬ್ಬರ ಯುದ್ಧದ ಕೂಲಿಗಳಾಗಿಯೇ ಉಳಿದರು.

ಯಾಕೆ? ಇಲ್ಲಿ ಬೇನೆಯ ಮಾತು ಬರುತ್ತದೆ.

ನಮ್ಮ ತಾಯಿಯ ಮುಖದ ಮೇಲೆ ಸಿಡುಬಿನ ಕಲೆ ಇದ್ದವು. ಎಡಗೆನ್ನೆಯ ಮೇಲೆ ಜಾಸ್ತಿ. ನಮ್ಮ ಕಡೆ ಮೈಲಿ ಬೇನೆ ಅಂತಿದ್ದರು. ಆಕೆಗೆ ಚಿಕ್ಕಂದಿನಲ್ಲಿ ಬಂದಾಗ ಹತ್ತಿರ ಕೂತು ಗಂಜಿ ಕುಡಿಸಿದ್ದು ಆಕೆಯ ಅಜ್ಜಿ. ಬೇವಿನ ಸೊಪ್ಪು ಹಾಸಿ ಮಲಗಿಸಿ, ಊರ ಹೊರಗಿನ ಮರಗಮ್ಮನಿಗೆ ಹರಕೆ ಹೊತ್ತು ನೋಡಿಕೊಂಡಳಂತೆ. ಅಜ್ಜಿಗೆ ಬೇನೆ ಹತ್ತಲಿಲ್ಲ, ಯಾಕಂದರೆ ಆಕೆಗೆ ಅದು ಮೊದಲೇ ಬಂದು ಹೋಗಿತ್ತು. ಸಿಡುಬು ಒಮ್ಮೆ ಬಂದವರಿಗೆ ಮತ್ತೆ ಬರುವುದು ತೀರ ಅಪರೂಪ. ನಮ್ಮ ಹಳ್ಳಿಗಳಲ್ಲಿ ಆ ಬೇನೆ ಮಕ್ಕಳನ್ನು ಕೊಂದಿದೆ, ಬಹಳ ಕೊಂದಿದೆ. ಆದರೆ ಯಾವ ಮನೆಯಲ್ಲೂ ನೀರು ತರಲು, ಒಲೆ ಹೊತ್ತಿಸಲು ಒಬ್ಬರಾದರೂ ಎದ್ದು ಓಡಾಡುತ್ತಿದ್ದರು.

ಟೆನೊಚ್ಟಿಟ್ಲಾನ್‌ನಲ್ಲಿ ಆ ಅಜ್ಜಿ ಇರಲಿಲ್ಲ. 1520ರಲ್ಲಿ ಕ್ಯೂಬಾದಿಂದ ಬಂದ ಹಡಗುಗಳ ಜೊತೆ ಸಿಡುಬು ಮೆಕ್ಸಿಕೊಗೆ ಇಳಿಯಿತು. ಆ ಖಂಡದಲ್ಲಿ ಅದನ್ನು ಯಾರೂ ಕಂಡವರಲ್ಲ. ಮುದುಕರು, ಹರೆಯದವರು, ಕೂಸು ಎಲ್ಲರೂ ಒಟ್ಟೊಟ್ಟಿಗೆ ಹಾಸಿಗೆ ಹಿಡಿದರು. ರೊಟ್ಟಿ ತಟ್ಟುವವರಿಲ್ಲ, ನೀರು ಕೊಡುವವರಿಲ್ಲ. ಬೇನೆಯಿಂದ ಸತ್ತಷ್ಟೇ ಅಲ್ಲ, ಹಸಿವಿನಿಂದಲೂ ಸತ್ತರು. ಮೊಕ್ಟೆಜುಮಾ ನಂತರ ಪಟ್ಟಕ್ಕೆ ಬಂದ ಕ್ವಿಟ್ಲಾವಾಕ್, ಸ್ಪೇನಿನವರನ್ನು ಓಡಿಸಿದ ದೊರೆ, ಮೂರು ತಿಂಗಳೊಳಗೆ ಅದೇ ಸಿಡುಬಿಗೆ ಸತ್ತ. ಮುತ್ತಿಗೆ ಹಾಕುವ ಮೊದಲೇ ಊರಿನ ನಡ ಮುರಿದಿತ್ತು. ನನಗೆ ಈ ಭಾಗ ಓದಿದಾಗಲೆಲ್ಲ ಹೊಟ್ಟೆ ಸಂಕಟ ಆಗುತ್ತದೆ.

ಸಿಡುಬು, ದಡಾರ ನಮ್ಮಲ್ಲೂ ಯುರೋಪಿನಲ್ಲೂ ಹಳೆಯ ಬೇನೆಗಳು. ನಡುವೆ ಸಾವಿರಾರು ವರ್ಷದ ವ್ಯಾಪಾರದ ದಾರಿ ಇತ್ತು, ಬೇನೆಗಳೂ ಅದೇ ದಾರಿಯಲ್ಲಿ ಓಡಾಡಿದವು. ಅದಕ್ಕೆ ಪೋರ್ಚುಗೀಸರು ಬಂದರೆಂದು ದಖ್ಖನಿನಲ್ಲಿ ಊರಿಗೆ ಊರು ಖಾಲಿ ಆಗಲಿಲ್ಲ. ತಿರುಗಾ ಗೋವಾದ ಜ್ವರಕ್ಕೆ, ವಾಂತಿಭೇದಿಗೆ ಅವರೇ ಸಾಲುಸಾಲಾಗಿ ಸತ್ತರು.

ಆಯುಧದ ಮಾತಿಗೂ ಇಲ್ಲೇ ಉತ್ತರ ಇದೆ. ಮಕ್ಕಳನ್ನು ಕಲಬುರಗಿ ಕೋಟೆಗೆ ಕರೆತಂದರೆ ಬುರುಜಿನ ಮೇಲಿನ ಆ ಉದ್ದನೆಯ ಬಾರಾ ಗಜ್ ತೋಪಿನ ಪಕ್ಕ ನಿಲ್ಲಿಸಿ. ಬಿಜಾಪುರದ ಮಲಿಕ್‌-ಎ-ಮೈದಾನ್ ತೋಪು ಎರಕ ಹೊಯ್ದಿದ್ದು 1549ರಲ್ಲಿ. ಇಲ್ಲಿನ ಸುಲ್ತಾನರಿಗೆ ಮದ್ದುಗುಂಡು, ಉಕ್ಕು, ಕುದುರೆ ಯಾವುದೂ ಹೊಸದಲ್ಲ. 1570ರಲ್ಲಿ ಅಲಿ ಆದಿಲ್ ಶಾ ಗೋವಾದ ಮೇಲೆ ದೊಡ್ಡ ಸೈನ್ಯ ಒಯ್ದು ಮುಂದಿನ ವರ್ಷದವರೆಗೆ ಮುತ್ತಿಗೆ ಹಾಕಿದ. ಗೋವಾ ಬೀಳಲಿಲ್ಲ, ಅದು ಬೇರೆ ಮಾತು. ಸುತ್ತ ನದಿ, ಸಮುದ್ರ ಪೂರ್ತಿ ಪೋರ್ಚುಗೀಸರದು. ನೀರಿನ ಮೇಲೆ ಅವರನ್ನು ಸೋಲಿಸುವುದು ಕಷ್ಟ, ನೆಲದ ಮೇಲೆ ಒಳನಾಡಿಗೆ ಬರುವುದು ಅವರಿಗೆ ಕಷ್ಟ. ನಿಮ್ಮ ಹುಡುಗಿ ಕೇಳಿದ್ದಕ್ಕೆ ಉತ್ತರ ಇದು.

ಪೆರು ಬಗ್ಗೆ ಚಿಕ್ಕದಾಗಿ. ಪಿಜಾರೊ 168 ಮಂದಿ ಜೊತೆ 1532ರ ನವೆಂಬರ್ 16ರಂದು ಕಹಮಾರ್ಕಾದಲ್ಲಿ ಇಂಕಾ ದೊರೆ ಅಟಾವಾಲ್ಪಾನನ್ನು ಮೋಸದಿಂದ ಹಿಡಿದ. ಇಂಕಾ ಪಟ್ಟಕ್ಕಾಗಿ ಅಣ್ಣತಮ್ಮಂದಿರ ಕಾಳಗ ಆಗಷ್ಟೇ ಮುಗಿದಿತ್ತು. ಕೋಣೆ ತುಂಬ ಬಂಗಾರ ಕೊಟ್ಟರೂ ಮುಂದಿನ ವರ್ಷ ಕೊಂದರು. ಪಾಠ ಇಲ್ಲಿಗೆ ಮುಗಿಸಬೇಡಿ. 1536ರಲ್ಲಿ ಮಾಂಕೊ ಇಂಕಾ ದಂಗೆ ಎದ್ದ. ಅವನ ಮನೆತನದವರು ವಿಲ್ಕಬಾಂಬಾದ ಕಾಡುಗುಡ್ಡದಲ್ಲಿ 1572ರವರೆಗೆ ಆಳಿದರು. ನಲವತ್ತು ವರ್ಷ ಬೇಕಾಯಿತು. ದಕ್ಷಿಣಕ್ಕೆ ಚಿಲಿಯ ಮಾಪುಚೆ ಜನ ಬಿಯೊಬಿಯೊ ನದಿಯ ಆಚೆ ಸ್ಪೇನಿನವರನ್ನು ಊರಲು ಬಿಡಲಿಲ್ಲ, 1641ರಲ್ಲಿ ಸ್ಪೇನೇ ಅವರ ಜೊತೆ ಒಪ್ಪಂದಕ್ಕೆ ಕೂತಿತು. ಕುದುರೆ ಸಿಕ್ಕ ಮೇಲೆ ಸ್ಪೇನಿನವರಿಗಿಂತ ಚೆನ್ನಾಗಿ ಸವಾರಿ ಕಲಿತವರು ಅವರು.

ಚೌಬಾರಾ ಬೀದರ್

ಕುದುರೆ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಕೊಲಂಬಸ್ ಹೊರಡುವುದಕ್ಕೆ ಇಪ್ಪತ್ತು ವರ್ಷ ಮೊದಲು, 1470ರ ಆಸುಪಾಸಿನಲ್ಲಿ, ನಮ್ಮ ಬೀದರಿಗೆ ರಷ್ಯಾದಿಂದ ಒಬ್ಬ ವ್ಯಾಪಾರಿ ಬಂದಿದ್ದ. ಅಫನಾಸಿ ನಿಕಿತಿನ್ ಅಂತ ಹೆಸರು, ತ್ವೆರ್ ಊರಿನವನು. ಮಾರಲು ಒಂದು ಕುದುರೆ ತಂದಿದ್ದ. ಮಹಮೂದ್ ಗವಾನ್ ವಜೀರನಾಗಿದ್ದ ಕಾಲ ಅದು. ಗವಾನ್ ಕಟ್ಟಿಸಿದ ಮದರಸಾ ಇವತ್ತಿಗೂ ಊರ ನಡುವೆ ನಿಂತಿದೆ, ಅರ್ಧ ಭಾಗ ಬಿದ್ದಿದೆ.

ನಿಕಿತಿನ್ ಬೀದರಿನಿಂದ 12 ಹರದಾರಿ ದೂರದ ಒಂದು ಜಾತ್ರೆಯ ಬಗ್ಗೆ ಬರೆದಿದ್ದಾನೆ. ಶೇಖ್ ಅಲಾವುದ್ದೀನನ ಹೆಸರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಂತೆ. ಅದು ನಮ್ಮ ಆಳಂದವೇ, ಲಾಡ್ಲೆ ಮಶಾಯಕ್ ದರ್ಗಾ ಇರುವ ಊರು. ಇಡೀ ದೇಶದ ಮಂದಿ ಅಲ್ಲಿ ಸೇರುತ್ತಾರೆ, 20 ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಅವನು ಬರೆದದ್ದು. ಅವನ ಲೆಕ್ಕ ಸ್ವಲ್ಪ ಉಬ್ಬಿದ್ದರೂ ಇರಲಿ, ಅರ್ಧ ಕಳೆದರೂ ಎಷ್ಟಾಯಿತು ನೋಡಿ. ಅರಬ್ಬಿ ಕುದುರೆಗಳು ದಾಭೋಲ್, ಚೌಲ್ ಬಂದರಿಗೆ ಇಳಿದು ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು.

ಕೊರ್ಟೆಸ್‌ನ 16 ಕುದುರೆ ಮೆಕ್ಸಿಕೊದಲ್ಲಿ ಮಂದಿಯನ್ನು ನಡುಗಿಸಿದವು. ಅಲ್ಲಿನವರು ಕುದುರೆ ಎಂಬ ಪ್ರಾಣಿಯನ್ನೇ ಕಂಡಿರಲಿಲ್ಲ. ಅಮೆರಿಕದಲ್ಲಿ ಇದ್ದ ಕುದುರೆ ಜಾತಿ ಸುಮಾರು ಹತ್ತು ಸಾವಿರ ವರ್ಷದ ಹಿಂದೆಯೇ ಅಳಿದು ಹೋಗಿತ್ತು. ಅದೇ ಕೊರ್ಟೆಸ್ ಆಳಂದದ ಸಂತೆಗೆ ಬಂದಿದ್ದರೆ ಅವನ ಕುದುರೆಯ ಹಲ್ಲು ನೋಡಿ ರೇಟು ಹೇಳುವವರು ಸಾಲಾಗಿ ನಿಂತಿರುತ್ತಿದ್ದರು. ಮಾಸ್ತರ್, ನಿಮ್ಮ ಮಕ್ಕಳಿಗೆ ಆಳಂದ ಗೊತ್ತಿರುತ್ತದೆ. ಅಲ್ಲಿಂದ ಶುರು ಮಾಡಿದರೆ ಪಾಠ ಕೂಡಲೇ ತಲೆಗೆ ಹತ್ತುತ್ತದೆ.

ಭೀಮಾ ದಂಡೆ

ಯಾದಗಿರಿ ಕಡೆಯ ರೈತ ನಾನು. ಇತಿಹಾಸ ಓದಿದವನಲ್ಲ, ಬೆಳೆಯ ಬಗ್ಗೆ ಹೇಳುತ್ತೇನೆ. ನಮ್ಮ ಹೊಲದಲ್ಲಿ ಹತ್ತಿ, ಶೇಂಗಾ, ತೊಗರಿ. ಮನೆ ಖರ್ಚಿಗೆ ಒಂದಿಷ್ಟು ಮೆಣಸಿನಕಾಯಿ. ಕೃಷಿ ಇಲಾಖೆಯ ತರಬೇತಿಯೊಂದರಲ್ಲಿ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕದಿಂದ ಬಂದದ್ದು ಅಂತ ಕೇಳಿದಾಗ ನಂಬಲು ಆಗಲಿಲ್ಲ. ಬಿಸಿ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಎಣ್ಣೆ. ಅದಕ್ಕಿಂತ ನಮ್ಮದು ಅನ್ನುವ ಊಟ ಯಾವುದಿದೆ ಹೇಳಿ?

ಮೆಣಸಿನಕಾಯಿ ಮೊದಲು ಬೆಳೆದವರು ಮೆಕ್ಸಿಕೊದ ಮಂದಿ. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಕ್ಕೆಜೋಳ, ಆಲೂಗಡ್ಡೆ, ಟೊಮೆಟೊ, ಪೇರಲ, ದಸರೆ ಹೊತ್ತಿಗೆ ಗುಡ್ಡದಿಂದ ಬುಟ್ಟಿ ತುಂಬಿ ಬರುವ ಸೀತಾಫಲ, ಎಲ್ಲವೂ ಆ ಕಡೆಯವೇ. ತೊಗರಿ ಮಾತ್ರ ನಮ್ಮ ನೆಲದ್ದು. ಜೋಳ ಬಹಳ ಹಿಂದೆ ಆಫ್ರಿಕಾದಿಂದ ಬಂದಿದ್ದು. ಈಗ ನಾವೆಲ್ಲ ಹಾಕುವ ಹತ್ತಿಯ ಜಾತಿಯೂ ಮೂಲದಲ್ಲಿ ಮಧ್ಯ ಅಮೆರಿಕದ್ದು, ಕಂಪನಿ ಸರ್ಕಾರದ ಕಾಲದಲ್ಲಿ ಧಾರವಾಡ ಕಡೆ ತಂದು ಬೆಳೆಸಿದರು. ನಮ್ಮ ಅಜ್ಜ ಬೆಳೆಯುತ್ತಿದ್ದ ಜವಾರಿ ಹತ್ತಿ ಬೇರೆ. ಕಾಯಿ ಸಣ್ಣದು, ನೂಲು ಗಿಡ್ಡ, ಆದರೆ ಮಳೆ ಕೈಕೊಟ್ಟರೂ ಗಿಡ ಸಾಯುತ್ತಿರಲಿಲ್ಲ. ಔಷಧಿ ಹೊಡೆದದ್ದನ್ನು ಅಜ್ಜನ ಕಾಲದಲ್ಲಿ ಕಂಡೇ ಇಲ್ಲ.

ಈ ಬೆಳೆಗಳನ್ನು ಯಾರೋ ಕಾಡಿನಿಂದ ಕಿತ್ತು ತಂದದ್ದಲ್ಲ. ಕಾಳು ಆರಿಸಿ, ಬೀಜ ಇಟ್ಟು, ಮತ್ತೆ ಬಿತ್ತಿ ಸಾವಿರಾರು ವರ್ಷ ಪಳಗಿಸಿದ ರೈತರು ಅಲ್ಲಿದ್ದರು. ಬೆರಳುದ್ದದ ಹುಲ್ಲಿನ ತೆನೆಯನ್ನು ಮೆಕ್ಕೆಜೋಳದ ತೆನೆ ಮಾಡಿದವರು ದಡ್ಡರಾ? ಆ ಹುಡುಗ ನನ್ನ ಹೊಲಕ್ಕೆ ಬರಲಿ, ಬೀಜ ಆರಿಸುವುದು ಎಂಥ ಕೆಲಸ ಅಂತ ತೋರಿಸುತ್ತೇನೆ.

ಒಂದು ಕೇಳಬೇಕು. ಅವರಿಂದ ಇಷ್ಟು ಬಂತು. ಈ ಕಡೆಯಿಂದ ಅವರಿಗೆ ಹೋಗಿದ್ದೇನು?

ಸೇಡಂ ಮಾಸ್ತರ್

ಎಲ್ಲರಿಗೂ ಬಹಳ ಧನ್ಯವಾದ. ಆಳಂದದ ಸಂತೆ, ಶೇಂಗಾ ಹಿಂಡಿ ಎರಡನ್ನೂ ನಾಳೆಯೇ ಕ್ಲಾಸಿಗೆ ಒಯ್ಯುತ್ತೇನೆ. ಓಣಿಯವರೇ, ಒಂದು ಸಂಶಯ ಉಳಿಯಿತು. ಎಲ್ಲ ಬೇನೆಯಿಂದ ಆಯಿತು ಅಂದರೆ ಮಕ್ಕಳು "ಹಾಗಾದರೆ ಯಾರದ್ದೂ ತಪ್ಪಿಲ್ಲ" ಅಂತ ತಿಳಿಯುವುದಿಲ್ಲವೇ? ಸಿಡುಬನ್ನು ಯಾರೂ ಬೇಕೆಂದು ತಂದಿರಲಿಲ್ಲವಲ್ಲ.

ಕೋಟೆ ಹಿಂದಿನ ಓಣಿ

ಒಳ್ಳೆ ಸಂಶಯ. ನಿಮ್ಮ ಪ್ರಶ್ನೆಗೂ ಯಾದಗಿರಿಯವರ ಪ್ರಶ್ನೆಗೂ ಒಂದೇ ದ್ವೀಪದಲ್ಲಿ ಉತ್ತರ ಇದೆ.

ಕೊಲಂಬಸ್‌ನ ದೊಡ್ಡ ಹಡಗು ಸಾಂತಾ ಮಾರಿಯಾ 1492ರ ಕ್ರಿಸ್‌ಮಸ್ ಹೊತ್ತಿಗೆ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ ಹತ್ತಿರ ನೆಲಕ್ಕೆ ತಗುಲಿ ಒಡೆಯಿತು. ಅಲ್ಲಿನ ತಾಯ್ನೊ ಜನರೇ ದೋಣಿ ತಂದು ಸಾಮಾನು ಇಳಿಸಿ ಕೊಟ್ಟರು. ಮುಂದಿನ ವರ್ಷ ಅವನು 17 ಹಡಗುಗಳ ಜೊತೆ ಬಂದ. ಈ ಸಲ ಬಂದವರು ನೋಡಿ ಹೋಗಲು ಬಂದವರಲ್ಲ, ಊರು ಕಟ್ಟಲು ಬಂದವರು. ತಾಯ್ನೊ ಮಂದಿಯನ್ನು ಬಂಗಾರ ಅಗೆಯಲು ಹಾಕಿದರು. ಆಮೇಲೆ ಎಂಕೊಮಿಯೆಂಡಾ ಎಂಬ ಪದ್ಧತಿ ತಂದರು. ಇಂಥ ಊರಿನ ಇಷ್ಟು ಮಂದಿ ಇಂಥ ಸ್ಪೇನಿನವನಿಗೆ ದುಡಿಯಬೇಕು ಅಂತ ಹಂಚಿಕೆ. ಗಂಡಸರು ಗಣಿಯಲ್ಲಿ, ಹೊಲ ಬೀಳು. ಹಸಿವು ಬಂತು, ಹೊಡೆತ ಬಂತು, ಕೂಸುಗಳು ಹುಟ್ಟುವುದೇ ಕಡಿಮೆ ಆಯಿತು. 1514ರಲ್ಲಿ ಸ್ಪೇನಿನವರೇ ದುಡಿಯುವವರನ್ನು ಹಂಚಲು ಎಣಿಸಿದಾಗ ಸಿಕ್ಕವರು 26 ಸಾವಿರದಷ್ಟು. ಮೊದಲು ಲಕ್ಷಗಟ್ಟಲೆ ಮಂದಿ ಇದ್ದ ದ್ವೀಪ ಅದು. ಆ ದ್ವೀಪಕ್ಕೆ ಸಿಡುಬು ಬಂದಿದ್ದು 1518ರ ಕೊನೆಗೆ. ತಾರೀಖು ಎರಡನ್ನೂ ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಯಿರಿ. ಸಿಡುಬಿಗೆ ಮೊದಲೇ ಆ ಜನ ಕರಗಿ ಹೋಗಿದ್ದರು. ಅದು ಮನುಷ್ಯರು ಮಾಡಿದ್ದು. ಮೆಕ್ಸಿಕೊದಲ್ಲೂ ಬೇನೆ ಬಂದು ಹೋದ ಮೇಲೆ ಜನ ಚೇತರಿಸಿಕೊಳ್ಳಲು ಬಿಡದಿದ್ದದ್ದು ದುಡಿತ, ಕಂದಾಯ, ಕಿತ್ತುಕೊಂಡ ಹೊಲ. 1600ರ ಹೊತ್ತಿಗೆ ಅಲ್ಲಿನ ಹತ್ತು ಮಂದಿಯಲ್ಲಿ ಎಂಟೊಂಬತ್ತು ಮಂದಿ ಇಲ್ಲವಾಗಿದ್ದರು ಎಂಬುದು ಬಹಳ ಇತಿಹಾಸಕಾರರ ಅಂದಾಜು.

ತಪ್ಪು ಅಂತ ಆಗಲೇ ಹೇಳಿದವರೂ ಇದ್ದರು. 1511ರ ಡಿಸೆಂಬರಿನಲ್ಲಿ ಮೊಂಟೆಸಿನೊಸ್ ಎಂಬ ಪಾದ್ರಿ ಅದೇ ದ್ವೀಪದ ಚರ್ಚಿನಲ್ಲಿ, ಯಜಮಾನರನ್ನೆಲ್ಲ ಎದುರಿಗೆ ಕೂರಿಸಿಕೊಂಡು, ಇವರು ಮನುಷ್ಯರಲ್ಲವೇ ಎಂದು ಕೇಳಿದ. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ತಾನೇ ಎಂಕೊಮಿಯೆಂಡಾ ಇಟ್ಟುಕೊಂಡವನು, 1514ರಲ್ಲಿ ಬಿಟ್ಟುಕೊಟ್ಟ, ಬದುಕಿಡೀ ರಾಜನಿಗೆ ದೂರು ಬರೆದ. 1542ರಲ್ಲಿ ರಾಜ ಹೊಸ ಕಾಯ್ದೆ ತಂದ. ಪೆರುವಿನ ಯಜಮಾನರು ಆ ಕಾಯ್ದೆ ಜಾರಿ ಮಾಡಲು ಬಂದ ವೈಸರಾಯನನ್ನೇ 1546ರಲ್ಲಿ ಕೊಂದರು. ದುಡಿಯುವ ಕೈ ಬಿಟ್ಟುಕೊಡದಿರಲು ಅವರು ಯಾವ ಮಟ್ಟಕ್ಕೆ ಇಳಿದರು ನೋಡಿ.

ಯಾದಗಿರಿಯವರೇ, ಈ ಕಡೆಯಿಂದ ಹೋಗಿದ್ದು ದನ, ಹಂದಿ, ಗೋಧಿ, ಮತ್ತು ಕಬ್ಬು. ಕಬ್ಬಿನ ರಸ ಕುದಿಸಿ ಸಕ್ಕರೆ ಹರಳು ಮಾಡುವುದನ್ನು ಮೊದಲು ಕಲಿತದ್ದು ನಮ್ಮ ದೇಶ. ಅರಬ್ಬರ ಕೈಯಿಂದ ಮೆಡಿಟರೇನಿಯನ್ ಕಡೆಗೆ, ಅಲ್ಲಿಂದ ಅಟ್ಲಾಂಟಿಕ್ ದ್ವೀಪಗಳಿಗೆ, 1493ರಲ್ಲಿ ಕೊಲಂಬಸ್‌ನ ಹಡಗಿನಲ್ಲಿ ಹಿಸ್ಪಾನಿಯೋಲಾಕ್ಕೆ. ತಾಯ್ನೊ ಮಂದಿ ಕರಗಿದ ಮೇಲೆ ಕಬ್ಬು ಕಡಿಯಲು ಆಫ್ರಿಕಾದಿಂದ ಗುಲಾಮರನ್ನು ತಂದರು. ಮುಂದಿನ ಮೂರೂವರೆ ಶತಮಾನದಲ್ಲಿ ಹಾಗೆ ಹಡಗು ಹತ್ತಿಸಿದವರು 1 ಕೋಟಿ 25 ಲಕ್ಷದಷ್ಟು. ಬ್ರೆಜಿಲ್ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ತೆಗೆದುಕೊಂಡಿತು. ಆ ಬ್ರೆಜಿಲ್ ದಂಡೆಯನ್ನು ಕಬ್ರಾಲ್ ಮುಟ್ಟಿದ್ದು 1500ರ ಏಪ್ರಿಲ್‌ನಲ್ಲಿ, 13 ಹಡಗು ಕಟ್ಟಿಕೊಂಡು ಕಲ್ಲಿಕೋಟೆಗೆ ಹೊರಟಿದ್ದಾಗ. ಗೋವಾದ ಕಥೆ, ಅಮೆರಿಕದ ಕಥೆ ಬೇರೆ ಬೇರೆ ಪಾಠ ಅಲ್ಲ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ತಂಬಾಕಿನ ದಾರಿಯೂ ನಮ್ಮ ಸೀಮೆಯಲ್ಲೇ ಹಾದಿದೆ. 1604ರ ಹೊತ್ತಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಾಗ ಅಲ್ಲಿ ತಂಬಾಕು ಕಂಡ. ಅಮೆರಿಕದ ಎಲೆ, ಪೋರ್ಚುಗೀಸರು ತಂದದ್ದು. ಚಂದದ ಹುಕ್ಕಾ ಮಾಡಿಸಿ ಎಲೆ ಸಮೇತ ಅಕ್ಬರನಿಗೆ ಒಯ್ದು ಕೊಟ್ಟ. ಅಕ್ಬರ್ ಸ್ವಲ್ಪ ಎಳೆದು ನೋಡಿದ, ವೈದ್ಯ ಬೇಡವೆಂದ. ಅವನ ಮಗ ಜಹಾಂಗೀರ್ 1617ರಲ್ಲಿ ನಿಷೇಧಿಸಿದ. ಆಗಲೇ ಊರೂರಿಗೆ ಹಬ್ಬಿತ್ತು.

ಕೊನೆಗೆ ಒಂದು, ಮಾಸ್ತರ್. ಪೆರುವಿನ ವಾಂಕಾ ಎಂಬ ಜನ ಇಂಕಾಗಳ ಮೇಲಿನ ಸಿಟ್ಟಿಗೆ ಪಿಜಾರೊ ಕಡೆ ಸೇರಿದರು. ಅವರಿಗೆ ಅಕ್ಷರ ಇರಲಿಲ್ಲ, ಹಗ್ಗಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಸ್ಪೇನಿನವರಿಗೆ ಕೊಟ್ಟ ಕಾಳು, ಬಟ್ಟೆ, ಕುರಿಯಂಥ ಲಾಮಾ ಪ್ರಾಣಿ, ಹೊರೆ ಹೊರಲು ಹೋದ ಗಂಡಸರು, ಎಲ್ಲವನ್ನೂ ಗಂಟು ಕಟ್ಟಿ ಇಟ್ಟರು. ಕಾಲು ಶತಮಾನ ಕಳೆದ ಮೇಲೆ, 1558ರಿಂದ ಮುಂದೆ, ಆ ಹಗ್ಗಗಳನ್ನು ಲಿಮಾದ ನ್ಯಾಯಾಲಯಕ್ಕೆ ಒಯ್ದು ಒಂದೊಂದೇ ಗಂಟು ಓದಿ ಹೇಳಿದರು. ನ್ಯಾಯಾಲಯ ಅದನ್ನು ದಾಖಲೆಯಾಗಿ ಬರೆದುಕೊಂಡಿತು. ಮಕ್ಕಳಿಗೆ ಒಂದು ದಾರ ಕೊಟ್ಟು ಕ್ಲಾಸಿನ ಹಾಜರಿ ಗಂಟಿನಲ್ಲಿ ಕಟ್ಟಿಸಿ ನೋಡಿ. ಬಿಡಿಗೆ ಒಂದು ಬಗೆ ಗಂಟು, ಹತ್ತಕ್ಕೆ ಸ್ವಲ್ಪ ಮೇಲೆ ಇನ್ನೊಂದು, ನೂರಕ್ಕೆ ಅದಕ್ಕೂ ಮೇಲೆ. ನಮ್ಮ ಹಾಗೇ ಅವರದೂ ದಶಮಾನ ಲೆಕ್ಕ. ಚಿತ್ರ ಬೇಕಿದ್ದರೆ ಹೇಳಿ, ಟೆನೊಚ್ಟಿಟ್ಲಾನ್ ನಕ್ಷೆ ಮತ್ತು ಗಂಟಿನ ಹಗ್ಗದ್ದು ಎರಡೂ ನನ್ನ ಹತ್ತಿರ ಇವೆ, ಇಲ್ಲೇ ಹಾಕುತ್ತೇನೆ.